ಎಳೆಯುವ ಸ್ನೋಬ್ಲೋವರ್: ಒಂಟಾರಿಯೊದ ಹಳ್ಳಿ ಕಡೆ ಮನೆ ಮಾಡುವವರಿಗೆ

ಆಗಸ್ಟ್‌ನಲ್ಲಿ ಮೂಡಿಗೆರೆಯ ಮನೆಗೆ ಬಂದಿದ್ದೆ. ಕೊಟ್ಟಿಗೆಹಾರದ ಕಡೆಯಿಂದ ಮಳೆ ಬಿಡದೆ ಹೊಡೆಯುತ್ತಿತ್ತು. ಅಣ್ಣನ ಮಗಳು, ಅಳಿಯ ಇಬ್ಬರೂ ರಜೆಗೆ ಬಂದಿದ್ದರು. ಅವರು ಕೆನಡಾದ ಒಂಟಾರಿಯೊದಲ್ಲಿ ಹೊಸದಾಗಿ ಮನೆ ತಗೊಂಡಿದ್ದಾರೆ. ಊರಿನಿಂದ ಹೊರಗೆ, ಎರಡು ಎಕರೆ ಜಾಗ. ರಸ್ತೆಯಿಂದ ಮನೆ ಬಾಗಿಲಿಗೆ 80 ಮೀಟರ್ ಜಲ್ಲಿ ದಾರಿ. ಮನೆ ಮಾರಿದವರು ಒಂದು ಪುಟ್ಟ ಟ್ರ್ಯಾಕ್ಟರನ್ನೂ ಅದರ ಹಿಂದೆ ಕಟ್ಟುವ ಪುಲ್ ಟೈಪ್ (ಎಳೆಯುವ ಜಾತಿಯ) ಸ್ನೋಬ್ಲೋವರನ್ನೂ, ಅಂದರೆ ಹಿಮ ಬಾಚಿ ದೂರ ಎಸೆಯುವ ಯಂತ್ರವನ್ನೂ ಸೇರಿಸಿಯೇ ಕೊಟ್ಟಿದ್ದಾರಂತೆ. "ಚಿಕ್ಕಪ್ಪ, ಅದನ್ನ ಮುಟ್ಟೋಕೇ ಭಯ ಆಗುತ್ತೆ" ಅಂದಳು ಮಗಳು. ಭಯ ಇರಬೇಕಾದ್ದೇ. ಆದರೆ ಕಲಿಯೋಕೆ ಕಷ್ಟ ಇಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈಗ ನಮ್ಮವರು ಬಹಳ ಜನ ಸಿಟಿ ಬಿಟ್ಟು ಹಳ್ಳಿ ಕಡೆ ಮನೆ ನೋಡುತ್ತಿದ್ದಾರೆ, ಅಲ್ವಾ?

ಮೊದಲು ಅಲ್ಲಿನ ವ್ಯವಸ್ಥೆ. ರಸ್ತೆಯ ಮೇಲಿನ ಹಿಮ ಮುನಿಸಿಪಾಲಿಟಿಯದ್ದು. ನಿಮ್ಮ ದಾರಿಯ ಮೇಲಿನ ಹಿಮ ನಿಮ್ಮದು. ಇವೆರಡರ ನಡುವೆ ಒಂದು ಮೂರನೇ ಹಿಮ ಇದೆ. ಮುನಿಸಿಪಾಲಿಟಿಯ ಪ್ಲೌ ಲಾರಿ ರಸ್ತೆಯ ಹಿಮ ತಳ್ಳಿಕೊಂಡು ಹೋಗುವಾಗ ನಿಮ್ಮ ದಾರಿಯ ಬಾಯಿಗೆ ಅಡ್ಡಲಾಗಿ ಒಂದು ದಿಬ್ಬ ಬಿಟ್ಟು ಹೋಗುತ್ತದೆ. ಉಪ್ಪು, ನೀರು, ಮಂಜುಗಡ್ಡೆ ಎಲ್ಲ ಕಲೆತ ಗಟ್ಟಿ ದಿಬ್ಬ. ಹಳ್ಳಿ ಕಡೆ ಅದನ್ನು ತೆಗೆಯುವ ಕೆಲಸವೂ ಸಾಮಾನ್ಯವಾಗಿ ನಮ್ಮದೇ. ಹಾಗಂತ ತೆಗೆದು ರಸ್ತೆಗೆ ಎಸೆಯುವ ಹಾಗಿಲ್ಲ. ರಸ್ತೆ ನೋಡಿಕೊಳ್ಳುವವರ ಲಿಖಿತ ಅನುಮತಿ ಇಲ್ಲದೆ ರಸ್ತೆ ಮೇಲೆ ಹಿಮ ಹಾಕಬಾರದು ಎಂದು ಒಂಟಾರಿಯೊದ ಹೆದ್ದಾರಿ ಸಂಚಾರ ಕಾಯ್ದೆಯ 181ನೇ ಸೆಕ್ಷನ್ ಹೇಳುತ್ತದೆ. ಬ್ಲೋವರ್ ಹಿಮವನ್ನು ಬಹಳ ದೂರ ಎಸೆಯುತ್ತದೆ. ಹಾಗಾಗಿ ಗೊತ್ತಿಲ್ಲದೆಯೇ ಈ ತಪ್ಪು ಆಗಿಬಿಡುತ್ತದೆ. ಪಕ್ಕದ ಮನೆಯವರ ಜಾಗಕ್ಕೂ ಎಸೆಯಬೇಡಿ.

ದಾರಿ ತೆರೆದಿರಬೇಕು ಅನ್ನುವುದು ಬರೀ ನಮ್ಮ ಕಾರಿಗಾಗಿ ಅಲ್ಲ. ಆಂಬುಲೆನ್ಸ್ ಬರಬೇಕು, ಬೆಂಕಿ ಆರಿಸುವ ಲಾರಿ ಬರಬೇಕು. ರಸ್ತೆ ಬದಿಯಲ್ಲಿ ಮನೆ ನಂಬರಿನ ಸಣ್ಣ ಬೋರ್ಡ್ ಇರುತ್ತದೆ. ರಾತ್ರಿ ಹೊತ್ತು ಅವರು ಹುಡುಕುವುದು ಅದನ್ನೇ. ಅದರ ಮೇಲೆ ಹಿಮ ಸುರಿಯಬೇಡಿ. ಟಪಾಲು ಪೆಟ್ಟಿಗೆಯ ಮುಂದೆಯೂ ಜಾಗ ಬಿಡಿಸಿ.

ಈಗ ಯಂತ್ರಕ್ಕೆ ಬರೋಣ. ಅವತ್ತು ಮಳೆ ಸ್ವಲ್ಪ ಹೊಳವಾದಾಗ ಅಳಿಯನನ್ನು ಕಣಕ್ಕೆ ಕರೆದುಕೊಂಡು ಹೋದೆ. ಕಾಫಿ ಎಳೆಯುವ ಹಲಗೆ ಗೋಡೆಗೆ ಒರಗಿತ್ತು. ಉದ್ದ ಹಿಡಿಯ ಅದೇ ಹಲಗೆ. ಅದನ್ನು ಮುಂದೆ ಇಟ್ಟುಕೊಂಡು ತಳ್ಳಬಹುದು, ಹಿಂದೆ ಇಟ್ಟುಕೊಂಡು ಎಳೆಯಬಹುದು. ಸಾಮಾನ್ಯ ಹಿಂಬದಿ ಬ್ಲೋವರ್ ತಳ್ಳುವ ಜಾತಿ. ಅದರ ಬಾಯಿ ಟ್ರ್ಯಾಕ್ಟರಿನ ಆಚೆಗೆ ತೆರೆದಿರುತ್ತದೆ. ಟ್ರ್ಯಾಕ್ಟರನ್ನು ರಿವರ್ಸ್‌ನಲ್ಲೇ ಓಡಿಸಬೇಕು. ಗಂಟೆಗಟ್ಟಲೆ ಕತ್ತು ತಿರುಗಿಸಿಕೊಂಡು ಕೂತರೆ ಮಾರನೇ ದಿನ ಏಳೋಕಾಗಲ್ಲ. ಪುಲ್ ಟೈಪ್‌ನ ಬಾಯಿ ಟ್ರ್ಯಾಕ್ಟರಿನ ಕಡೆಗೇ ಇರುತ್ತದೆ. ನೀವು ಮುಂದೆ ನೋಡಿಕೊಂಡು ಮುಂದಕ್ಕೇ ಹೋಗುತ್ತೀರಿ. ಹಿಂದೆ ಅದು ಬಾಚಿಕೊಂಡು ಬರುತ್ತದೆ.

ಅಳಿಯ ಹಲಗೆ ಹಿಡಿದು ಒದ್ದೆ ಕಣದಲ್ಲಿ ಎಳೆದು ನೋಡಿದರು. ನಾಲ್ಕು ಹೆಜ್ಜೆ ಹೋದ ಮೇಲೆ ನಿಂತರು. "ಮಾವ, ನನ್ನ ಕಾಲೇ ಮೊದಲು ತುಳಿಯುತ್ತಲ್ಲ?" ಅಂದರು. ವಿಷಯ ಇರುವುದೇ ಅಲ್ಲಿ. ಎಳೆಯುವಾಗ ಕಾಲು ಮೊದಲು, ಹಲಗೆ ಆಮೇಲೆ. ಪುಲ್ ಟೈಪ್‌ನಲ್ಲೂ ಟ್ರ್ಯಾಕ್ಟರಿನ ಚಕ್ರ ಮೊದಲು ಹಿಮ ತುಳಿಯುತ್ತದೆ, ಬ್ಲೋವರ್ ಆಮೇಲೆ ಬರುತ್ತದೆ. ತುಳಿದ ಜಾಗ ಗಟ್ಟಿಯಾಗುತ್ತದೆ. ಅದನ್ನು ಕೆರೆದು ಎತ್ತಬೇಕು ಅಂದರೆ ಬ್ಲೋವರಿನ ಕೆಳಗಿನ ಕಬ್ಬಿಣದ ಪಟ್ಟಿ ಚೆನ್ನಾಗಿರಬೇಕು. ಬ್ಲೋವರಿನ ಅಗಲವೂ ಹಿಂಚಕ್ರಗಳ ಹೊರ ಅಂಚಿಗಿಂತ ಎರಡೂ ಕಡೆ ಎರಡು ಮೂರು ಇಂಚು ಜಾಸ್ತಿ ಇರಬೇಕು. 25ರಿಂದ 35 ಎಚ್‌ಪಿ ಟ್ರ್ಯಾಕ್ಟರಿಗೆ ಐದರಿಂದ ಆರು ಅಡಿ ಅಗಲದ್ದು ಸಾಮಾನ್ಯ.

ಇನ್ನೊಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಹಿಮ ಟ್ರ್ಯಾಕ್ಟರಿನ ಹೊಟ್ಟೆಗೆ ತಾಗುವ ಮುಂಚೆ ಹೊರಡಿ. ಚಿಕ್ಕ ಟ್ರ್ಯಾಕ್ಟರುಗಳ ಹೊಟ್ಟೆಯ ಕೆಳಗೆ ಸುಮಾರು ಒಂದು ಅಡಿ ಜಾಗ ಇರುತ್ತದೆ, ಅಷ್ಟೇ. ನನ್ನ ಮನೆ ಇರುವುದೂ ಒಂಟಾರಿಯೊದಲ್ಲೇ, ಗ್ರೇ ಕೌಂಟಿಯಲ್ಲಿ. ನಮ್ಮ ಮಲೆನಾಡಿನಲ್ಲಿ ಅರಬ್ಬೀ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಚಾರ್ಮಾಡಿಯಲ್ಲಿ ಸುರಿಯುತ್ತದಲ್ಲ, ಅಲ್ಲಿ ಹ್ಯೂರಾನ್ ಸರೋವರ ಆ ಕೆಲಸ ಮಾಡುತ್ತದೆ. ಕೊರೆಯುವ ಗಾಳಿ ಇನ್ನೂ ಹೆಪ್ಪುಗಟ್ಟದ ನೀರಿನ ಮೇಲೆ ಹಾದು, ತೇವ ಎತ್ತಿಕೊಂಡು ಬಂದು ದಡದ ಊರುಗಳ ಮೇಲೆ ಹಿಮ ಸುರಿಸುತ್ತದೆ. ಸ್ನೋ ಸ್ಕ್ವಾಲ್ ಅನ್ನುತ್ತಾರೆ. ಆ ಎಚ್ಚರಿಕೆ ಬಂತು ಅಂದರೆ ಹಗುರವಾಗಿ ತಗೋಬೇಡಿ. ಮೊದಲ ಚಳಿಗಾಲದಲ್ಲಿ ನಾನು, ಎಲ್ಲ ನಿಲ್ಲಲಿ, ಒಂದೇ ಸಲ ತೆಗೆಯೋಣ ಅಂತ ಕಾದೆ. ಬೆಳಗ್ಗೆ ಎರಡು ಅಡಿ ಇತ್ತು. ದಾರಿಯ ನಡುವೆ ಟ್ರ್ಯಾಕ್ಟರ್ ಹಿಮದ ಮೇಲೆ ಹೊಟ್ಟೆ ಇಟ್ಟು ಕೂತಿತು. ನಾಲ್ಕೂ ಚಕ್ರ ಗಾಳಿಯಲ್ಲಿ ತಿರುಗಿದ ಹಾಗೆ ತಿರುಗುತ್ತಿದ್ದವು. ಪಕ್ಕದ ಜಮೀನಿನವರು ದೊಡ್ಡ ಟ್ರ್ಯಾಕ್ಟರ್ ತಂದು ಎಳೆದರು. ಈಗ ಅರ್ಧ ಅಡಿ ಬಿದ್ದರೆ ಸಾಕು, ಮಧ್ಯರಾತ್ರಿ ಆದರೂ ಒಂದು ಸುತ್ತು ಹೋಗಿ ಬರುತ್ತೇನೆ.

ಹಾಗಾದರೆ ತಳ್ಳುವುದೇ ವಾಸಿ ಅಲ್ವಾ ಅಂತ ಕೇಳಬಹುದು. ಎದೆಮಟ್ಟದ ದಿಬ್ಬ ಕೊರೆಯಲು ಹೌದು, ಅದೇ ವಾಸಿ. ಆದರೆ ಮನೆಯ ದಾರಿಗೆ ನನ್ನ ಆಯ್ಕೆ ಎಳೆಯುವುದೇ. ಯಾಕೆ ಅಂದರೆ ಗ್ಯಾರೇಜಿನ ಬಾಗಿಲು. ಬ್ಲೋವರ್ ಎತ್ತಿಕೊಂಡು ರಿವರ್ಸ್‌ನಲ್ಲಿ ಬಾಗಿಲ ಹತ್ತಿರಕ್ಕೆ ಹೋಗಿ. ಒಂದು ಅಡಿ ಅಂತರದಲ್ಲಿ ಕೆಳಗಿಳಿಸಿ. ಪಿಟಿಓ (ಇಂಜಿನ್ನಿನ ಬಲವನ್ನು ಹಿಂದಿನ ಯಂತ್ರಕ್ಕೆ ಕೊಡುವ ತಿರುಗು ಶಾಫ್ಟ್) ಹಾಕಿ, ಮುಂದಕ್ಕೆ ಹೊರಡಿ. ಬಾಗಿಲ ಹತ್ತಿರದ ಹಿಮವನ್ನೂ ಬಾಚಿಕೊಂಡು ಬರುತ್ತದೆ. ತಳ್ಳುವ ಯಂತ್ರಕ್ಕೆ ಇದು ಆಗದ ಕೆಲಸ. ಪಕ್ಕದ ಕ್ವಿಬೆಕ್ ಪ್ರಾಂತ್ಯದ ಊರುಗಳಲ್ಲಿ ಮನೆಮನೆಯ ದಾರಿ ಬಿಡಿಸುವವರು ಟ್ರ್ಯಾಕ್ಟರಿಗೆ ಈ ಜಾತಿಯ ಬ್ಲೋವರನ್ನೇ ಕಟ್ಟಿಕೊಂಡು ಓಡಾಡುತ್ತಾರೆ. ಒಂದು ಮನೆ ಮುಗಿಸೋಕೆ ಅವರಿಗೆ ಕೆಲವೇ ನಿಮಿಷ ಸಾಕು. ಹಿಮ ಎಸೆಯುವ ಯಂತ್ರವನ್ನು ಕೆಲಸಕ್ಕೆ ಬರುವ ಹಾಗೆ ಮಾಡಿದವರೂ ಕ್ವಿಬೆಕ್‌ನವರೇ, ಆರ್ಥರ್ ಸಿಕಾರ್ ಎಂಬುವರು, 1925ರಲ್ಲಿ. ಕಾಳು ಒಕ್ಕುವ ಯಂತ್ರ ನೋಡಿ ಅವರಿಗೆ ಇದು ಹೊಳೆಯಿತಂತೆ. ಕೇಳಿದಾಗ ನನಗೆ ಖುಷಿಯಾಯಿತು.

ಓಡಿಸುವಾಗ ಪಿಟಿಓ ವೇಗ ಪೂರ್ತಿ ಇರಲಿ. ಚಿಕ್ಕ ಟ್ರ್ಯಾಕ್ಟರಿನ ಬ್ಲೋವರುಗಳಿಗೆ ನಿಮಿಷಕ್ಕೆ 540 ಸುತ್ತು. ಹಿಮ ಜಾಸ್ತಿ ಆಯ್ತು ಅಂದರೆ ಇಂಜಿನ್ ತಗ್ಗಿಸಬೇಡಿ, ಟ್ರ್ಯಾಕ್ಟರಿನ ನಡಿಗೆ ತಗ್ಗಿಸಿ. ಒದ್ದೆ ಹಿಮ ಬಿದ್ದ ದಿನ ವೇಗ ಇಳಿದರೆ ಎಸೆಯುವ ಕೊಳವೆ ಕಟ್ಟಿಕೊಳ್ಳುತ್ತದೆ. ಗಾಳಿ ಯಾವ ಕಡೆ ಬೀಸುತ್ತದೋ ಆ ಕಡೆಗೇ ಎಸೆಯಿರಿ. ಎದುರಿಗೆ ಎಸೆದರೆ ಎಲ್ಲ ನಿಮ್ಮ ಮುಖಕ್ಕೇ ಬರುತ್ತದೆ. ಜಲ್ಲಿ ದಾರಿ ಆದರೆ ನೆಲ ಗಟ್ಟಿಯಾಗಿ ಹೆಪ್ಪುಗಟ್ಟುವ ತನಕ ಬ್ಲೋವರನ್ನು ನೆಲದಿಂದ ಎತ್ತಿ ಹಿಡಿಯುವ ಅದರ ಪಾದಗಳನ್ನು ಒಂದು ಇಂಚು ಎತ್ತರಕ್ಕೆ ಕೂರಿಸಿ. ಇಲ್ಲದಿದ್ದರೆ ಹಿಮದ ಜೊತೆ ಜಲ್ಲಿಯೂ ಹಾರುತ್ತದೆ. ಕಿಟಕಿ, ಕಾರು, ಮಕ್ಕಳು ಯಾರೂ ಆ ದಿಕ್ಕಿನಲ್ಲಿ ಇರಬಾರದು.

ರಸ್ತೆ ಬದಿಯ ದಿಬ್ಬಕ್ಕೆ ಟ್ರ್ಯಾಕ್ಟರಿನ ಮುಂದಿನ ಲೋಡರ್ ಬಕೆಟ್ ಬಳಸಿ. ಬಕೆಟ್‌ನಿಂದ ಒಡೆದು ಒಳಗಡೆ ಹರಡಿ, ಆಮೇಲೆ ಬ್ಲೋವರ್ ಎಳೆಯಿರಿ. ಆ ಜಾಗದಲ್ಲಿ ಅವಸರ ಬೇಡ. ಕಾರುಗಳಿಗೆ ನೀವು ಕಾಣುವುದೂ ಕಷ್ಟ, ಅವು ನಿಲ್ಲುವುದೂ ಕಷ್ಟ.

ಕೈ ವಿಷಯ. ಇದನ್ನು ಹೇಳುವಾಗ ನನ್ನ ದನಿ ಏರಿತ್ತು ಅಂತ ಅತ್ತಿಗೆ ಆಮೇಲೆ ಹೇಳಿದರು. ಏರಲಿ. ನಮ್ಮ ತೋಟದಲ್ಲಿ ಔಷಧಿ ಹೊಡೆಯುವ ಪಂಪಿಗೆ ಇದೇ ಪಿಟಿಓ ಶಾಫ್ಟ್ ಹಾಕುತ್ತೇವೆ. ತಿರುಗುತ್ತಿರುವಾಗ ಪಂಚೆ ಕಟ್ಟಿಕೊಂಡು ಅದರ ಹತ್ತಿರ ಹೋಗಬೇಡಿ ಅಂತ ಅಪ್ಪ ಕೂಗುತ್ತಿದ್ದರು. ಅಲ್ಲಿ ಪಂಚೆ ಇಲ್ಲ, ಆದರೆ ಮಫ್ಲರ್ ಇದೆ, ಜಾಕೆಟ್ಟಿನ ದಾರ ಇದೆ. ಶಾಫ್ಟಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಬದಲಾಯಿಸದೆ ಓಡಿಸಬೇಡಿ. ಕೊಳವೆ ಕಟ್ಟಿಕೊಂಡರೆ ಪಿಟಿಓ ಬಿಡಿಸಿ, ಇಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಎಲ್ಲ ನಿಂತ ಮೇಲೂ ಕೈ ಹಾಕಬೇಡಿ, ಕೋಲು ಹಾಕಿ. ಒಂದು ಕೋಲನ್ನು ಟ್ರ್ಯಾಕ್ಟರಿನಲ್ಲೇ ಕಟ್ಟಿ ಇಟ್ಟಿರಿ.

ಶಿಯರ್ ಬೋಲ್ಟ್ ಅಂತ ಒಂದು ಇರುತ್ತದೆ. ಸೌದೆಯ ತುಂಡೋ ಕಲ್ಲೋ ಸಿಕ್ಕಿಕೊಂಡರೆ ಮೊದಲು ಮುರಿಯಲಿ ಅಂತಲೇ ಇಟ್ಟಿರುವ ಮೆತ್ತನೆ ಬೋಲ್ಟ್ ಅದು. ಮುರಿದರೆ ಅಂಥದ್ದೇ ಹಾಕಿ. ಗಟ್ಟಿ ಬೋಲ್ಟ್ ಹಾಕಿದರೆ ಬೋಲ್ಟ್ ಉಳಿಯುತ್ತದೆ, ಗೇರ್‌ಬಾಕ್ಸ್ ಹೋಗುತ್ತದೆ. ಅರ್ಧ ಡಜನ್ ಬೋಲ್ಟು, ಎರಡು ಸ್ಪ್ಯಾನರು ಸೀಟಿನ ಕೆಳಗೆ ಇರಲಿ. ಡೀಸೆಲ್ ಚಳಿಗಾಲದ್ದೇ ತುಂಬಿಸಿ, ಬೇಸಿಗೆಯದು ಆ ಚಳಿಗೆ ಮಂದವಾಗಿ ಫಿಲ್ಟರ್ ಕಟ್ಟಿಸುತ್ತದೆ. ಬ್ಲಾಕ್ ಹೀಟರ್ (ಇಂಜಿನ್ ಬೆಚ್ಚಗೆ ಮಾಡುವ ಕರೆಂಟಿನ ಹೀಟರ್) ಇದ್ದರೆ ಒಂದೆರಡು ಗಂಟೆ ಮುಂಚೆ ಪ್ಲಗ್ ಹಾಕಿ. ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಬಿಸಿ ಮಾಡಬೇಡಿ, ಹೊಗೆ ಪ್ರಾಣ ತೆಗೆಯುತ್ತದೆ.

ಅಳಿಯ ಇನ್ನೊಂದು ಕೇಳಿದರು. ಅಕ್ಕಪಕ್ಕದವರ ದಾರಿಯನ್ನೂ ದುಡ್ಡಿಗೆ ಮಾಡಿಕೊಡಬಹುದಾ ಅಂತ. ನನ್ನ ಮಾತು, ಇನ್ಶೂರೆನ್ಸ್‌ನವರನ್ನು ಕೇಳದೆ ಬೇಡ. ಮನೆಯ ಪಾಲಿಸಿ ಸಾಮಾನ್ಯವಾಗಿ ವ್ಯಾಪಾರಕ್ಕೆ ಅನ್ವಯಿಸುವುದಿಲ್ಲ. ಯಾರಾದರೂ ಜಾರಿ ಬಿದ್ದರೆ ದಾವೆ ಬರಬಹುದು. ಹಿಮದಲ್ಲಿ ಬಿದ್ದವರು 60 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು ಅಂತ 2021ರಿಂದ ಒಂಟಾರಿಯೊದಲ್ಲಿ ನಿಯಮ ಇದೆ. ಹಾಗಾಗಿ ಯಾವ ದಿನ, ಎಷ್ಟು ಹೊತ್ತಿಗೆ ತೆಗೆದಿರಿ, ಉಪ್ಪು ಹಾಕಿದಿರಾ ಅಂತ ನಿಮ್ಮ ಸ್ವಂತ ಮನೆಗೂ ಒಂದು ಡೈರಿಯಲ್ಲಿ ಬರೆದಿಡಿ. ದುಡ್ಡಿಲ್ಲದೆ ಪಕ್ಕದ ಮನೆಯ ವಯಸ್ಸಾದವರಿಗೆ ಮಾಡಿಕೊಡುವುದು ಅಲ್ಲಿ ವಾಡಿಕೆ, ನಾನೂ ಮಾಡುತ್ತೇನೆ. ರಸ್ತೆಗೆ ಇಳಿಯುವುದಾದರೆ ಹಿಂದೆ ಕಿತ್ತಳೆ ಬಣ್ಣದ ತ್ರಿಕೋನ ಫಲಕ ಇರಲೇಬೇಕು.

ಇದೆಲ್ಲಕ್ಕೂ ಮುಂಚಿನ ಕೆಲಸ ಅಕ್ಟೋಬರಿನಲ್ಲಿದೆ. ನೆಲ ಹೆಪ್ಪುಗಟ್ಟುವ ಮೊದಲು ದಾರಿಯ ಎರಡೂ ಅಂಚಿಗೆ ಹೊಳೆಯುವ ಪಟ್ಟಿಯ ಕಡ್ಡಿ ನೆಡಿ. ಮೋರಿಯ ತುದಿ, ಬೋರ್‌ವೆಲ್ ಕೊಳವೆ, ಗ್ಯಾಸ್ ಟ್ಯಾಂಕ್, ಎಲ್ಲದಕ್ಕೂ ಒಂದೊಂದು ಕಡ್ಡಿ. ಸೆಪ್ಟಿಕ್ ಇರುವ ಜಾಗದ ಮೇಲೆ ಟ್ರ್ಯಾಕ್ಟರ್ ಓಡಿಸಬೇಡಿ. ಸಡಿಲ ಹಿಮ ಅದಕ್ಕೆ ಕಂಬಳಿ ಇದ್ದ ಹಾಗೆ. ತುಳಿದು ಗಟ್ಟಿ ಮಾಡಿದರೆ ಚಳಿ ಕೆಳಗಿಳಿದು ಪೈಪು ಹೆಪ್ಪುಗಟ್ಟುತ್ತದೆ.

ಕೆಲಸ ಮುಗಿದ ಮೇಲೆ ಬ್ಲೋವರನ್ನು ಒಂದು ನಿಮಿಷ ಖಾಲಿ ಓಡಿಸಿ, ಒಳಗಿನ ಹಿಮ ಉದುರಲಿ. ನಿಲ್ಲಿಸುವಾಗ ನೆಲಕ್ಕೆ ಇಳಿಸಬೇಡಿ, ಎರಡು ಮರದ ಹಲಗೆ ಹಾಕಿ ಅದರ ಮೇಲೆ ಇಳಿಸಿ. ಬರೀ ನೆಲದ ಮೇಲಿಟ್ಟರೆ ಬೆಳಗ್ಗೆ ನೆಲಕ್ಕೇ ಅಂಟಿರುತ್ತದೆ. ಮಗಳು ಇದನ್ನು ಫೋನಿನಲ್ಲಿ ಬರೆದುಕೊಂಡಳು. ಅಣ್ಣ ಒಳಗಿಂದ ಹಳೇ ಹಲಸಿನ ಮರದ ಎರಡು ತುಂಡು ತಂದು, "ಇದು ವಿಮಾನದಲ್ಲಿ ಹೋಗುತ್ತೇನೋ?" ಅಂತ ಕೇಳಿದರು. ಹೋಗಲ್ಲ ಅಣ್ಣ, ಅಲ್ಲೇ ಪೈನ್ ಸಿಗುತ್ತೆ ಅಂದೆ.