ಒಂದೇ ಡಬ್ಬಿಗೆ ಬಿದ್ದ ಐದು ಬಗೆ: ಖಾಲಿ ಕಾಡತೂಸು ವಿಂಗಡಿಸಿದ ನನ್ನ ಅನುಭವ

ಖಾಲಿ ಕಾಡತೂಸುಗಳನ್ನು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಕೇಸುಗಳನ್ನು, ಕೂಡಿಡುವುದು ನನ್ನ ಹವ್ಯಾಸ. ಮೊದಲ ಸಲ ವಿಂಗಡಿಸಲು ಕೂತಾಗ, ಬಾಯಿಯ ಅಗಲ ಅಳೆದರೆ ಕ್ಯಾಲಿಬರ್ (ಗುಂಡಿನ ಅಗಲದ ಅಳತೆ) ಸಿಕ್ಕಿಬಿಡುತ್ತದೆ ಅಂದುಕೊಂಡಿದ್ದೆ. ಕ್ಯಾಲಿಪರ್ ಹಿಡಿದು ಅಳೆದೆ. 9 ಮಿ.ಮೀ. ಆಸುಪಾಸು ಬಂದದ್ದನ್ನೆಲ್ಲ ಒಂದೇ ಡಬ್ಬಿಗೆ ಹಾಕಿದೆ. ಆಮೇಲೆ ಸರಿಯಾಗಿ ನೋಡಿದರೆ ಅದರಲ್ಲಿ ಐದು ಬಗೆ ಇದ್ದವು!

ತುಂಬ ಗೊಂದಲ ಮಾಡಿದ್ದು .38 ಸ್ಪೆಷಲ್ ಅನ್ನುವ ರಿವಾಲ್ವರ್ ಕಾಡತೂಸು. ಹೆಸರಲ್ಲಿ .38 ಇದ್ದರೂ ಅದರ ಗುಂಡಿನ ಅಗಲ ಸುಮಾರು .357 ಇಂಚು. ಹಳೆಯ ಕಾಲದಲ್ಲಿ ಗುಂಡು ಕೇಸಿನ ಹೊರಮೈಯಷ್ಟೇ ದಪ್ಪ ಇರುತ್ತಿತ್ತು. ಆಗಿನ ಹೆಸರು ಹಾಗೇ ಉಳಿದುಕೊಂಡಿದೆ. 1930ರ ದಶಕದಲ್ಲಿ ಬಂದ .357 ಮ್ಯಾಗ್ನಮ್‌ಗೂ ಅದೇ ಅಗಲದ ಗುಂಡು. ಕೇಸ್ ಮಾತ್ರ ಮೂರು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಉದ್ದ. ಬೇಕಂತಲೇ ಉದ್ದ ಮಾಡಿದ್ದು. ಅದರ ಒತ್ತಡ ತುಂಬ ಹೆಚ್ಚು, .38ರ ರಿವಾಲ್ವರ್‌ಗೆ ಅದು ಹೋಗಬಾರದು.

ಈಗ ನಾನು ತಳದಿಂದ ಶುರು ಮಾಡುತ್ತೇನೆ. ನಡುವೆ ಪ್ರೈಮರ್ (ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು) ಇದೆಯೋ, ಅಥವಾ .22ರ ಹಾಗೆ ಅಂಚಿನಲ್ಲೇ ಪೆಟ್ಟು ಬಿದ್ದಿದೆಯೋ? ರಿಮ್, ಅಂದರೆ ತಳದ ಅಂಚು, ಕೇಸಿನ ಮೈಯಿಂದ ಹೊರಗೆ ಚಾಚಿದೆಯೋ? ಇಷ್ಟಕ್ಕೇ ರಾಶಿ ಒಡೆಯುತ್ತದೆ. ಆಮೇಲೆ ಉದ್ದ, ಆಕಾರ. ಬಾಯಿ ಕೊನೆಗೆ. ಹಾರಿಸಿದ ಕೇಸಿನ ಬಾಯಿ ಹಿಗ್ಗಿರುತ್ತದೆ, ಕೆಲವೊಮ್ಮೆ ನೆಗ್ಗಿರುತ್ತದೆ, ಅದನ್ನೇ ನಂಬಿದರೆ ಕೆಟ್ಟೆವು. 9×19ರ (ಮೊದಲ ಸಂಖ್ಯೆ ಗುಂಡಿನ ಅಗಲ, ಎರಡನೆಯದು ಕೇಸಿನ ಉದ್ದ, ಎರಡೂ ಸುಮಾರಾಗಿ ಮಿ.ಮೀ.ನಲ್ಲಿ) ತಳ 9.9, ಬಾಯಿ 9.6ರ ಸುತ್ತ, ಅಂದರೆ ಮೈ ಸ್ವಲ್ಪ ಇಳಿಜಾರು. ಅದಕ್ಕಿಂತ ಗಿಡ್ಡನೆಯ ಪಿಸ್ತೂಲ್ ಕಾಡತೂಸು .380 ನೆಟ್ಟಗಿದೆ, ಉದ್ದ 17.3 ಅಷ್ಟೇ.

ಒಂದು ಕೇಸಿನೊಳಗೆ ಇನ್ನೊಂದು ತೂರಿಕೊಳ್ಳುವುದೂ ಉಂಟು. .40ರೊಳಗೆ 9 ಮಿ.ಮೀ. ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಈಗ ಪ್ರತಿ ಕೇಸಿನ ಒಳಗೂ ಒಮ್ಮೆ ಇಣುಕುತ್ತೇನೆ. ಗುಂಡು ಇನ್ನೂ ಕೂತಿರುವ ಕಾಡತೂಸು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಪರವಾನಗಿ ಇರುವವರಿಗೆ ಒಪ್ಪಿಸುತ್ತೇನೆ. ಪ್ರೈಮರ್ ಮೇಲೆ ಪೆಟ್ಟಿನ ಗುರುತಿದ್ದರೂ ಅಷ್ಟೇ, ಅದು ಸತ್ತಿದೆ ಅಂತ ಅಲ್ಲ.

ಅಳತೆ ಸೋಲುವ ಕಡೆಯೂ ಇದೆ. .223 ರೆಮಿಂಗ್ಟನ್ ಮತ್ತು 5.56×45 ಹೊರಗಿನಿಂದ ಒಂದೇ. ಅಲ್ಲಿ ತಳದ ಮುದ್ರೆಯೇ ಗತಿ, ವೃತ್ತದೊಳಗೆ ಕೂಡಿಕೆ (+) ಗುರುತು ಇದ್ದರೆ ಅದು ನ್ಯಾಟೋದ್ದು. ಆದರೆ ಮುದ್ರೆಯನ್ನೂ ಸುಮ್ನೆ ನಂಬುವಂತಿಲ್ಲ. .223ರ ಕೇಸನ್ನೇ ಕತ್ತರಿಸಿ .300 ಬ್ಲ್ಯಾಕ್‌ಔಟ್ ಮಾಡುತ್ತಾರೆ, ಹಳೆಯ ಮುದ್ರೆ ಹಾಗೇ ಇರುತ್ತದೆ. ಉದ್ದ ಮಾತ್ರ 45ರಿಂದ 35ಕ್ಕೆ ಇಳಿದಿರುತ್ತದೆ.

ಶಾಟ್‌ಗನ್‌ನ 12 ಬೋರ್ ಲೆಕ್ಕವೇ ಬೇರೆ. ನಳಿಗೆಯ ಅಗಲದ ಸೀಸದ ಗೋಲಿ 12 ಸೇರಿದರೆ ಒಂದು ಪೌಂಡ್, ಅದಕ್ಕೆ ಆ ಹೆಸರು. ಸಂಖ್ಯೆ ಜಾಸ್ತಿಯಾದಷ್ಟೂ ನಳಿಗೆ ಸಣ್ಣ. .410 ಮಾತ್ರ ಇಂಚಿನ ಅಳತೆ.

ಆ ಮೊದಲ ಡಬ್ಬಿ ಈಗ ಐದಾಗಿದೆ. ಚೀಟಿಗಳಲ್ಲಿ ಕೇಸಿನ ಉದ್ದವನ್ನೂ ಸೇರಿಸಿ ಬರೆದಿದ್ದೇನೆ: 9×17 (.380), 9×18 (ಮಕರೋವ್ ಪಿಸ್ತೂಲಿನದು), 9×19, 9×29 (.38 ಸ್ಪೆಷಲ್), 9×33 (.357 ಮ್ಯಾಗ್ನಮ್).