ಕಗ್ಗದ ಅಕ್ಕಿಯ ಕೊಟ್ಟೆ ಕಡುಬು ಕೊನೆಗೂ ಉಬ್ಬಿತು

ಕಗ್ಗ ಅನ್ನುವ ಕೆಂಪಕ್ಕಿಯಲ್ಲಿ ಕೊಟ್ಟೆ ಕಡುಬು, ಅಂದರೆ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಉದ್ದಿನ ಕಡುಬು, ಆಗುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಈಗ ಅವರಲ್ಲೇ ಕೆಲವರು ಮನೆಗೆ ಬಂದು ಕಡುಬಿಗೆ ಹಾಕುವ ಅಕ್ಕಿ ತರಿ ಕೇಳುತ್ತಿದ್ದಾರೆ. ಸೋಡಾ ಇಲ್ಲ, ಈಸ್ಟ್ ಇಲ್ಲ, ಬಿಳಿ ಅಕ್ಕಿಯ ಬೆರಕೆ ಒಂದು ಹಿಡಿಯೂ ಇಲ್ಲ. ಕಡುಬು ಕೆಂಪಗೆ ಇರುತ್ತದೆ, ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೆ ಬರುತ್ತದೆ, ಮಧ್ಯಾಹ್ನದ ತನಕ ಮೆತ್ತಗೇ ಉಳಿಯುತ್ತದೆ. ಕುಮಟಾದಲ್ಲಿ ಮನೆಯಲ್ಲೇ ತಿಂಡಿ ಮಾಡಿ ಕೊಡುವವರು ಸುಮಾರು ಜನ ಇದ್ದೇವೆ. ಕಗ್ಗದ ಕಡುಬು ಕೊಡುವ ಮನೆ ನನಗೆ ತಿಳಿದ ಮಟ್ಟಿಗೆ ನಮ್ಮದೊಂದೇ. ಉದ್ದು ನುಣ್ಣಗೆ ಅರೆಯುವುದು, ಹಲಸಿನ ಎಲೆಯ ಕೊಟ್ಟೆ ಕಟ್ಟುವುದು ನಿಮಗೆಲ್ಲ ಗೊತ್ತಿರುವ ಕೆಲಸ. ಅದನ್ನು ಇಲ್ಲಿ ಹೇಳುವುದಿಲ್ಲ.

ಕಗ್ಗ ಅಘನಾಶಿನಿ ಅಳಿವೆಯ ಗಜನಿಗಳಲ್ಲಿ, ಉಪ್ಪು ನೀರು ನುಗ್ಗುವ ಗದ್ದೆಯಲ್ಲಿ ಬೆಳೆಯುವ ಭತ್ತ. ಗೊಬ್ಬರ ಬೇಡ, ಔಷಧಿ ಬೇಡ. ಮಾಣಿಕಟ್ಟಾ ಕಡೆಯವರು ಈಗಲೂ ಬೆಳೆಯುತ್ತಾರೆ, ಆದರೆ ಮೊದಲಿನಷ್ಟು ಜನ ಇಲ್ಲ. ಬೆಳೆದವರ ಅಕ್ಕಿಗೆ ಒಳ್ಳೆಯ ಬೆಲೆ ಸಿಗಬೇಕಾದರೆ ಅದು ಗಂಜಿ, ಅನ್ನಕ್ಕೆ ಮಾತ್ರ ನಿಲ್ಲಬಾರದು ಅನ್ನುವುದು ನನ್ನ ಹಟ. ಗಿರಣಿಯವರು ಮೊದಲ ಸಲ ಚೀಲ ನೋಡಿ, "ಅಕ್ಕಾ, ಇದು ಗಂಜಿ ಅಕ್ಕಿ. ಕಡುಬು ಮಾಡಿ ಯಾಕೆ ಹಾಳು ಮಾಡ್ತೀರಿ?" ಅಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಮೊದಲ ಒಂದೂವರೆ ವರ್ಷ ಅವರ ಮಾತೇ ನಿಜವಾಯಿತು.

ಮೊದಲು ಇಡ್ಲಿಗೆ ಮಾಡುವ ಹಾಗೆ ಕಗ್ಗದ ಕುಚಲಕ್ಕಿಯನ್ನು ರಾತ್ರಿಯಿಡೀ ನೆನೆಸಿ ಗ್ರೈಂಡರಿನಲ್ಲಿ ಅರೆದೆ. ಹಿಟ್ಟು ಅಂಟಂಟಾಯಿತು. ಕಡುಬು ಮೇಲೆ ಉಬ್ಬಿದ ಹಾಗೆ ಕಾಣುತ್ತಿತ್ತು, ಒಳಗೆ ಅಂಟು. ಆಮೇಲೆ ಗಿರಣಿಯಲ್ಲಿ ತರಿ ಒಡೆಸಿದೆ. ನನಗಿಂತ ಮೊದಲು ಯಾರೋ ರಾಗಿ ಬೀಸಿಸಿದ್ದರು, ಅದೆಲ್ಲ ನನ್ನ ತರಿಗೆ ಸೇರಿತು. ಇನ್ನೊಂದು ಸಲ ತರಿ ಚೆನ್ನಾಗಿಯೇ ಬಂತು, ಆದರೆ ಅಕ್ಕಿ ಹೊಸದು. ದೀಪಾವಳಿ ಹೊತ್ತಿಗೆ ತಂದ ಹೊಸ ಕಗ್ಗ ಎಷ್ಟು ಒಳ್ಳೆಯದಿದ್ದರೂ ಕಡುಬಿಗೆ ಬರುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಅದೇ ಚೀಲದ ಅಕ್ಕಿ ಬೇರೆಯೇ ಆಗಿರುತ್ತದೆ. ಈಗ ನಾನು ಅಕ್ಕಿಯನ್ನು ಒಟ್ಟಿಗೇ ತಂದಿಟ್ಟು, ಮೂರ್ನಾಲ್ಕು ತಿಂಗಳು ಮುಟ್ಟುವುದಿಲ್ಲ. ಅಷ್ಟು ದುಡ್ಡು ಸುಮ್ನೆ ಕೂತಿರುತ್ತದೆ, ನಿಜ. ಬೇರೆ ದಾರಿ ಇಲ್ಲ.

ಸೋಡಾ ಹಾಕಿ ನೋಡು ಅಂದವರೂ ಇದ್ದರು. ಒಂದು ಚಿಟಿಕೆ ಹಾಕಿದೆ. ಉಬ್ಬಿತು. ಆದರೆ ಕಗ್ಗದ ಕೆಂಪು ಹೋಗಿ ಕೊಳಕು ಕಂದು ಬಣ್ಣ ಬಂತು, ಬಾಯಲ್ಲಿ ಸಾಬೂನಿನ ರುಚಿ. ಕೆಂಪಕ್ಕಿಗೆ ಸೋಡಾ ಬೇಡವೇ ಬೇಡ. ಈಸ್ಟ್ ಹಾಕಿದಾಗ ಮನೆಯೆಲ್ಲ ಬ್ರೆಡ್ಡಿನ ವಾಸನೆ. ಅರ್ಧ ಪಾಲಿಶ್ ಮಾಡಿಸಿದಾಗ ಕಡುಬು ಸಲೀಸಾಗಿ ಬಂತು. ಆದರೆ ತೌಡು ಹೋದರೆ ಬಣ್ಣವೂ ಇಲ್ಲ, ಆ ಪರಿಮಳವೂ ಇಲ್ಲ. ಮತ್ತೆ ಕಗ್ಗಕ್ಕೆ ಅಷ್ಟು ದುಡ್ಡು ಯಾಕೆ ಕೊಡಬೇಕು ಅಲ್ವಾ?

ದೊಡ್ಡ ಪೆಟ್ಟು ಬಿದ್ದದ್ದು ಒಂದು ಉಪನಯನದ ಮನೆಯಲ್ಲಿ. ಇನ್ನೂರರ ಹತ್ತಿರ ಕಡುಬು ಹೇಳಿದ್ದರು. ಏಪ್ರಿಲ್ ತಿಂಗಳು, ಹಿಟ್ಟು ಬೆಳಗಿನ ಜಾವದೊಳಗೆ ಹುಳಿಯಾಗಿ ಇಳಿದುಹೋಗಿತ್ತು. ತೌಡು ಇರುವ ಹಿಟ್ಟು ಬಿಳಿ ಅಕ್ಕಿಯದಕ್ಕಿಂತ ಬೇಗ ಹುಳಿ ಬರುತ್ತದೆ. ಮುಂಗಡ ವಾಪಸು ಕೊಟ್ಟು, ಅವರಿಗೆ ನನ್ನ ಖರ್ಚಿನಲ್ಲೇ ಅವಲಕ್ಕಿ, ಉಪ್ಪಿಟ್ಟು ಮಾಡಿಕೊಟ್ಟು ಬಂದೆ. ಅಕ್ಕಿ, ಉದ್ದು, ಗ್ಯಾಸು, ವಾಪಸು ಕೊಟ್ಟದ್ದು ಎಲ್ಲ ಸೇರಿ ಅಲ್ಲಿಯ ತನಕ ಏಳೆಂಟು ಸಾವಿರ ಹೋಗಿತ್ತು. ಮನೆಯಲ್ಲಿ ಯಾರೂ ಬೈಯಲಿಲ್ಲ, ಆದರೆ ಯಾರೂ ನಂಬಲೂ ಇಲ್ಲ.

ಸರಿಯಾದ ದಾರಿ ಸಿಕ್ಕಿದ್ದು ಬಿಸಿನೀರಿನಲ್ಲಿ. ತೌಡಿನ ಅಕ್ಕಿ ನೀರು ಹೀರುವುದು ನಿಧಾನ. ತಣ್ಣೀರಿನಲ್ಲಿ ನೆನೆಸಿದ ತರಿಯ ಹೊರಗಡೆ ಮೆತ್ತಗಾದರೂ ಒಳಗೆ ಗಟ್ಟಿಯೇ ಇರುತ್ತದೆ. ಅದು ಬೇಯುವಾಗ ಉದ್ದಿನ ಹಿಟ್ಟಿನ ನೀರನ್ನೇ ಎಳೆದುಕೊಳ್ಳುತ್ತದೆ, ಕಡುಬು ಕೂತುಬಿಡುತ್ತದೆ. ಇದು ತಲೆಗೆ ಹೊಳೆದ ಮೇಲೆ ತರಿಗೆ ಕುದಿಯುವ ನೀರು ಹೊಯ್ದು ಮುಚ್ಚಿಟ್ಟೆ. ಅತ್ತೆ ನೋಡಿ, "ಕಡುಬಿನ ತರಿಗೆ ಬಿಸಿನೀರಾ? ಗಂಜಿ ಆಗ್ತದೆ ಕಣೇ" ಅಂದರು. ಗಂಜಿ ಆಗಲಿಲ್ಲ. ಆಗದೇ ಇರಬೇಕಾದರೆ ತರಿಯಲ್ಲಿ ಹಿಟ್ಟು ಒಂದು ಚೂರೂ ಇರಬಾರದು. ಎಲ್ಲ ಕೆಲಸ ಇರುವುದು ಅಲ್ಲೇ.

ಗಿರಣಿಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗುತ್ತೇನೆ. ಮೊದಲು ಅರ್ಧ ಕಿಲೋ ಸಾದಾ ಅಕ್ಕಿ ಹಾಕಿಸಿ ಕಲ್ಲು ಚೊಕ್ಕ ಮಾಡಿಸುತ್ತೇನೆ, ಆಮೇಲೆ ಕಗ್ಗ. ಮನೆಗೆ ತಂದು ಎರಡು ಸಲ ಜರಡಿ ಹಿಡಿಯುತ್ತೇನೆ. ಒಂದು ಕಿಲೋ ಮುನ್ನೂರು ಗ್ರಾಂ ಅಕ್ಕಿಗೆ ಸುಮಾರು ಒಂದು ಕಿಲೋ ತರಿ ಸಿಗುತ್ತದೆ, ಉಳಿದದ್ದು ಹಿಟ್ಟು. ತರಿಯನ್ನು ನೀರಿನಲ್ಲಿ ತೊಳೆದಾಗ ತೇಲಿದ ತೌಡು ಚೆಲ್ಲುತ್ತೇನೆ, ಪೂರ್ತಿ ಅಲ್ಲ. ಬಿಸಿನೀರು ಹೊಯ್ದು ತಣಿಯುವ ತನಕ ಬಿಟ್ಟು, ಹಿಂಡಿ, ಉದ್ದಿನ ಹಿಟ್ಟಿಗೆ ಸೇರಿಸುತ್ತೇನೆ. ಬಿಳಿ ತರಿಗೆ ಉದ್ದು ಒಂದು ಪಾಲು, ತರಿ ಎರಡು ಪಾಲು ಹಾಕುತ್ತೇವಲ್ಲ, ಕಗ್ಗಕ್ಕೆ ತರಿ ಒಂದೂಮುಕ್ಕಾಲು ಪಾಲು ಸಾಕು. ನೀರು ಎಷ್ಟು ಬಿಸಿ ಇರಬೇಕು, ಹೊಯ್ಯುವ ಮೊದಲು ಒಲೆಯಿಂದ ಇಳಿಸಿ ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಬರೆಯುವುದಿಲ್ಲ. ಉದ್ದು ನೆನೆಸುವ ನೀರಿಗೆ ಮೆಂತ್ಯದ ಜೊತೆ ಇನ್ನೊಂದು ಸಾಮಾನು ಹಾಕುತ್ತೇನೆ, ಅದನ್ನೂ ಬರೆಯುವುದಿಲ್ಲ. ಇಷ್ಟು ದುಡ್ಡು ಕಳೆದು ಕಲಿತದ್ದು, ಅಷ್ಟಾದರೂ ನನ್ನ ಹತ್ತಿರ ಇರಲಿ.

ಉಪ್ಪಿನ ವಿಷಯ ಮಾತ್ರ ಪೂರ್ತಿ ಹೇಳುತ್ತೇನೆ. ಮಾರ್ಚಿನಿಂದ ಮೇ ತನಕ ರಾತ್ರಿ ಹಿಟ್ಟು ಕಲಸುವಾಗಲೇ ಉಪ್ಪು ಹಾಕಿ, ಹುಳಿ ತಡವಾಗಿ ಬರುತ್ತದೆ. ಆಗ ಐದಾರು ತಾಸಿಗೇ ಹಿಟ್ಟು ಏಳುತ್ತದೆ, ಹಾಗಾಗಿ ಹನ್ನೊಂದು ಗಂಟೆ ಮೇಲೆ ಕಲಸಿ ಮಲಗುತ್ತೇನೆ. ಜುಲೈ ಆಗಸ್ಟಿನಲ್ಲಿ ಹತ್ತು ತಾಸಾದರೂ ಬೇಕು, ಉಪ್ಪು ಬೆಳಿಗ್ಗೆ. ನಾನು ಹಾಕುವುದು ಸಾಣಿಕಟ್ಟಾದ ಕಲ್ಲುಪ್ಪು, ಕುಟ್ಟಿ ಪುಡಿ ಮಾಡಿಕೊಂಡು. ಶಿರಸಿಯಲ್ಲಿರುವ ನಮ್ಮ ಅತ್ತಿಗೆ ಇದೇ ತರಿ ತೆಗೆದುಕೊಂಡು ಹೋದರು. ಡಿಸೆಂಬರಿನ ಚಳಿಗೆ ಹಿಟ್ಟು ಏಳಲೇ ಇಲ್ಲ. ಬಚ್ಚಲ ಒಲೆಯ ಪಕ್ಕ, ಬಿಸಿ ಬೂದಿ ಇರುವ ಕಡೆ ಪಾತ್ರೆ ಇಡಿ ಅಂದೆ. ಮರುದಿನ ಮುಚ್ಚಳ ಎತ್ತಿಕೊಂಡು ಬಂದಿತ್ತಂತೆ.

ಬೇಯಿಸುವುದು ನಲವತ್ತು ನಿಮಿಷ. ಮೊದಲ ಹತ್ತು ನಿಮಿಷ ಜೋರು ಉರಿ, ಆಮೇಲೆ ಮಧ್ಯಮ. ಮುಚ್ಚಳದ ಕೆಳಗೆ ಬಟ್ಟೆ ಕಟ್ಟದಿದ್ದರೆ ನೀರು ತೊಟ್ಟಿಕ್ಕಿ ಕಡುಬಿನ ತಲೆ ಒದ್ದೆಯಾಗುತ್ತದೆ.

ಎಲೆ ಬದಲಿಸಿಯೂ ನೋಡಿದೆ. ಕೇದಗೆ ಎಲೆಯಲ್ಲಿ ಪರಿಮಳ ಎಲ್ಲಕ್ಕಿಂತ ಜಾಸ್ತಿ, ಆದರೆ ಮುಳ್ಳು ತೆಗೆದು, ಬಾಡಿಸಿ, ಸುತ್ತಿ ಮುಗಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಮಾರಾಟಕ್ಕೆ ಆಗುವ ಕೆಲಸ ಅಲ್ಲ. ಬಾಳೆ ಎಲೆಯಲ್ಲಿ ಕಡುಬು ಚಪ್ಪಟೆ. ಅರಿಶಿನ ಎಲೆಯ ತುಂಡನ್ನು ಹಲಸಿನ ಕೊಟ್ಟೆಯ ತಳಕ್ಕೆ ಹಾಕಿದ್ದು ಮಾತ್ರ ಬಹಳ ಚೆನ್ನಾಗಿ ಬಂತು. ಮಳೆಗಾಲದಲ್ಲಿ ಅದನ್ನು ಕೇಳಿ ತೆಗೆದುಕೊಳ್ಳುವ ಮನೆಗಳಿವೆ.

ಜರಡಿಯಲ್ಲಿ ಇಳಿದ ಹಿಟ್ಟನ್ನು ಮೊದಲು ದನಕ್ಕೆ ಹಾಕುತ್ತಿದ್ದೆ. ಈಗ ಮೊಗೆಕಾಯಿ (ಮಂಗಳೂರು ಸೌತೆ) ತುರಿದು ಅರೆದು ಅದರ ಜೊತೆ ಕಲಸಿ ತೆಳ್ಳೇವು, ಅಂದರೆ ತೆಳ್ಳಗಿನ ದೋಸೆ, ಮಾಡುತ್ತೇನೆ. ಕಾವಲಿ ಚೆನ್ನಾಗಿ ಕಾದಿರಬೇಕು, ಅಷ್ಟೇ. ಕೆಂಪು ತೆಳ್ಳೇವು, ಮೇಲೆ ಜೋನಿ ಬೆಲ್ಲ ಮತ್ತು ತುಪ್ಪ. ಮಕ್ಕಳು ಕಡುಬು ಬಿಟ್ಟು ಇದನ್ನೇ ತಿನ್ನುತ್ತಾರೆ. ಕಡುಬಿಗೆ ಬೇಸಿಗೆಯಲ್ಲಿ ನಮ್ಮೂರ ಸಿಹಿ ಈರುಳ್ಳಿಯ ಚಟ್ನಿ. ಅಳ್ವೆಕೋಡಿ, ಹಂದಿಗೋಣದ ರಸ್ತೆ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿರುತ್ತಾರಲ್ಲ, ಅದು. ಕೆಂಡದಲ್ಲಿ ಸುಟ್ಟು, ತೆಂಗಿನಕಾಯಿ, ಸೂಜಿ ಮೆಣಸು, ಸ್ವಲ್ಪ ಹುಣಸೆ ಹಾಕಿ ತರಿತರಿಯಾಗಿ ಅರೆಯುತ್ತೇನೆ. ಪೇಟೆಯ ಈರುಳ್ಳಿಯಲ್ಲಿ ಆ ರುಚಿ ಬರುವುದೇ ಇಲ್ಲ.

ಲೆಕ್ಕ ಹೀಗೆ. ಒಂದು ಕಿಲೋ ತರಿಗೆ 35ರ ಹತ್ತಿರ ಕಡುಬು. ಅಕ್ಕಿಗೆ 100 ರೂಪಾಯಿ, ಉದ್ದಿಗೆ 80, ಚಟ್ನಿಗೆ 100ರಿಂದ 110, ಗ್ಯಾಸು 25. ಎಲೆ ನಮ್ಮದೇ ಮರದ್ದು, ಆದರೆ ಕೊಟ್ಟೆ ಕಟ್ಟಿಕೊಡುವ ಪಕ್ಕದ ಮನೆಯವರಿಗೆ ಒಂದಕ್ಕೆ ಒಂದೂವರೆ ರೂಪಾಯಿ ಕೊಡುತ್ತೇನೆ. ಎಲ್ಲ ಸೇರಿ ಒಂದು ಕಡುಬಿಗೆ ಹತ್ತು, ಹತ್ತೂವರೆ ಬೀಳುತ್ತದೆ. ಮೊದಲು 15ಕ್ಕೆ ಮಾರಿದೆ, ಕೈಗೆ ಐದು ರೂಪಾಯಿಯೂ ಬರಲಿಲ್ಲ. 20 ಮಾಡಿದಾಗ ಗಿರಾಕಿ ಹೋಗುತ್ತಾರೆ ಅಂತ ಮನೆಯಲ್ಲಿ ಹೆದರಿಸಿದರು. ಇಬ್ಬರೋ ಮೂವರೋ ಹೋದರು, ಬಂದವರು ಅದಕ್ಕಿಂತ ಜಾಸ್ತಿ. "ರಾಗಿ ಕಡುಬಾ?" ಅಂತ ಕೇಳುತ್ತಿದ್ದವರೇ ಈಗ ಹಿಂದಿನ ರಾತ್ರಿ ಫೋನ್ ಮಾಡಿ ಹೇಳಿಡುತ್ತಾರೆ. ವಾರದ ದಿನ ಎಪ್ಪತ್ತು ಎಂಬತ್ತು, ಭಾನುವಾರ ನೂರೈವತ್ತರ ಹತ್ತಿರ ಹೋಗುತ್ತದೆ. ಹೋದ ವರ್ಷ ಗ್ರೈಂಡರ್ ಹೊಸದು ತೆಗೆದದ್ದು ಇದೇ ದುಡ್ಡಿನಲ್ಲಿ.

ತರಿಯನ್ನು ತಿಂಗಳುಗಟ್ಟಲೆ ಇಡಬೇಡಿ. ತೌಡು ಇರುವುದರಿಂದ ಮಳೆಗಾಲದಲ್ಲಿ ಎರಡು ಮೂರು ವಾರಕ್ಕೇ ಮುಗ್ಗಲು ವಾಸನೆ ಬರುತ್ತದೆ. ನಾನು ಹತ್ತು ದಿನಕ್ಕೆ ಬೇಕಾದಷ್ಟು ಮಾತ್ರ ಒಡೆಸುತ್ತೇನೆ. ಚೌತಿಗೆ ತರಿ ಬೇಕಾದವರು ಹಿಂದಿನ ವಾರವೇ ಹೇಳಬೇಕು, ಕಿಲೋಗೆ 130 ರೂಪಾಯಿ. ಹಳೆಯ ಅಕ್ಕಿ ಇನ್ನು ಅರ್ಧ ಕ್ವಿಂಟಲ್ ಕೂಡ ಉಳಿದಿಲ್ಲ.