ಒಂದು ಸುರಾಹಿಗಾಗಿ ನಾನು ಬಿಟ್ಟದ್ದು

ಹದಿನೆಂಟು ಇಂಚು ಎತ್ತರದ ಬಿದ್ರಿ ಸುರಾಹಿ, ಅಂದರೆ ಉದ್ದ ಕತ್ತಿನ ಹೂಜಿ, ಮೈತುಂಬ ಬೆಳ್ಳಿ ತಂತಿಯ ಬಳ್ಳಿ. ಇದೊಂದನ್ನು ಮಾಡಬೇಕು ಅಂತ ನಾಲ್ಕು ವರ್ಷದಿಂದ ಆಸೆ. ಎರಕ ಹೊಯ್ದ ಪಾತ್ರೆ ಮಾತ್ರ ಬೀದರ್‌ನ ಚೌಬಾರಾ ಹತ್ತಿರದ ನನ್ನ ಕೆಲಸದ ಕೋಣೆಯಲ್ಲಿ ಧೂಳು ತಿನ್ನುತ್ತಾ ಕೂತಿತ್ತು.

ಪುರಸೊತ್ತು ಸಿಗಲಿ ಅಂತ ಕಾಯುತ್ತಿದ್ದೆ. ಕೊನೆಗೆ ಒಂದು ವಾರ, ನನ್ನ ಹೊತ್ತು ಎಲ್ಲಿ ಹೋಗುತ್ತದೆ ಅಂತ ಮಗಳ ಹಳೇ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಕೀಚೈನ್ ಆರ್ಡರ್, ಓಣಿಯ ಚೀಟಿ, ಜಾತ್ರೆ ಸಮಿತಿ, ಭಾನುವಾರ ಹುಡುಗರಿಗೆ ಕಲಿಸುವುದು. ಒಂದೂ ಕೆಟ್ಟ ಕೆಲಸ ಅಲ್ಲ. ಕೆಟ್ಟದ್ದಾಗಿದ್ದರೆ ಯಾವಾಗಲೋ ಬಿಡುತ್ತಿದ್ದೆ, ಅಲ್ವಾ?

ಆದರೆ ನಮ್ಮ ಬಿದ್ರಿ ಕೆಲಸ ಚೂರುಚೂರು ಹೊತ್ತಿನಲ್ಲಿ ಆಗುವಂಥದ್ದಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಹಚ್ಚುತ್ತೇವೆ. ಪಾತ್ರೆ ಸದ್ಯಕ್ಕೆ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚಿತ್ರ ಬರೆದು, ಉಳಿಯಿಂದ ಕೆತ್ತಿ, ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸಿ ಮೆಲ್ಲಗೆ ಬಡಿಯಬೇಕು. ಗೀರಿನ ಆಳ ಕಡಿಮೆಯಾದರೆ ತಂತಿ ನಿಲ್ಲದೆ ಎದ್ದುಬರುತ್ತದೆ. ನಡುನಡುವೆ ಎದ್ದು ಫೋನ್ ಎತ್ತಿದರೆ ಕೈಗೆ ಆ ಅಳತೆ ಬೇಗ ವಾಪಸ್ ಬರುವುದಿಲ್ಲ. ನನಗೆ ಮೂರು ತಾಸು ಎದ್ದೇಳದೆ ಕೂರಬೇಕಿತ್ತು. ಅಲ್ಲಿ ಹತ್ತು ನಿಮಿಷ, ಇಲ್ಲಿ ಅರ್ಧ ತಾಸು ಕೂಡಿಸಿದರೆ ಅದು ಆಗುವುದಿಲ್ಲ.

ಸಮಿತಿಯನ್ನು ಮೊದಲು ಬಿಟ್ಟೆ. ಚೀಟಿ ನಡುವೆ ಬಿಡಲಿಲ್ಲ, ಅದು ಬೇರೆಯವರ ದುಡ್ಡು. ಅವಧಿ ಮುಗಿದ ಮೇಲೆ ಹೊಸದು ಶುರು ಮಾಡಲಿಲ್ಲ, ಅಷ್ಟೇ.

ಜಾಸ್ತಿ ಕಷ್ಟವಾದದ್ದು ಕಾಕಾಗೆ ಹೇಳುವಾಗ. ನಾನು ಕೆಲಸವಿಲ್ಲದೆ ಕೂತಿದ್ದಾಗ ಮೊದಲ ಆರ್ಡರ್ ಕೊಟ್ಟ ಅಂಗಡಿಯವರು ಅವರು. ಎರಡು ಸಲ ಅಂಗಡಿ ತನಕ ಹೋಗಿ, ಸುಮ್ನೆ ಚಹಾ ಕುಡಿದು ವಾಪಸ್ ಬಂದೆ. ಮೂರನೇ ಸಲ ಹೇಳಿದೆ: "ಕಾಕಾ, ಆರು ತಿಂಗಳು ಕೀಚೈನ್ ಮಾಡುವುದಿಲ್ಲ."

"ಮನಿ ಹೆಂಗ ನಡೀತದ?" ಅಂದರು. ಕೋಪ ಇರಲಿಲ್ಲ, ಚಿಂತೆ ಇತ್ತು.

ಆ ಲೆಕ್ಕ ಹೆಂಡತಿಯ ಜೊತೆ ಕೂತು ಮೊದಲೇ ಹಾಕಿದ್ದೆ. ಬೆಳಿಗ್ಗೆ ಸುರಾಹಿ, ಮಧ್ಯಾಹ್ನದ ಮೇಲೆ ಡಬ್ಬಿ, ಹೂದಾನಿ. ಹಬ್ಬದ ಖರ್ಚು ಅರ್ಧ. ಕೀಚೈನ್ ಕೆಲಸ ನನ್ನ ಹತ್ತಿರ ಕಲಿತ ಹುಡುಗನಿಗೆ ಕೊಡಿ ಅಂತ ಕೇಳಿಕೊಂಡೆ. ಕಾಕಾ ಒಪ್ಪಿದರು.

ಭಾನುವಾರ ಕಲಿಸುವುದನ್ನು ಮಾತ್ರ ಬಿಡಲಾಗಲಿಲ್ಲ. ಲೆಕ್ಕದ ಪ್ರಕಾರ ಅದನ್ನೂ ಬಿಡಬೇಕಿತ್ತು. ಬಿದ್ರಿಗೆ 2006ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆದರೆ ಉಳಿ ಹಿಡಿಯುವ ಕೈಗಳೇ ಇಲ್ಲದಿದ್ದರೆ ಆ ಮಾನ್ಯತೆ ಇಟ್ಟುಕೊಂಡು ಏನು ಮಾಡುವುದು?

ಆರು ತಿಂಗಳು ಅಂದದ್ದು ಎಂಟಾಯಿತು. ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಿಗೆ ಸುರಾಹಿ ಇಳಿಸುವ ದಿನ ಕಾಕಾನನ್ನು ಕರೆದೆ. ಸತು ಕಡುಗಪ್ಪಾಯಿತು, ಬೆಳ್ಳಿ ಬೆಳ್ಳಗೇ ಉಳಿಯಿತು. ಅವರು ಮಾತಾಡದೆ ಕೊಬ್ಬರಿ ಎಣ್ಣೆಯ ಬಟ್ಟೆ ನನ್ನ ಕೈಯಿಂದ ತೆಗೆದುಕೊಂಡು, ತಾವೇ ಉಜ್ಜತೊಡಗಿದರು.